ಹಾಫ್ ರೋಪ್ ಕೊಳ್ಳುವ ಮುಂಚೆ ಡಿವೈಸ್ ಮೇಲಿನ ಅಂಕಿ ನೋಡಿ

ಗದಗದ ಗೆಳೆಯರಿಗೆ ಈ ಉತ್ತರ. ನಿಮ್ಮ ಹತ್ತಿರ 9.8 ಮಿ.ಮೀ. ಸಿಂಗಲ್ ರೋಪ್ (ಒಂಟಿಯಾಗಿ ಬಳಸುವ ಹಗ್ಗ) ಮತ್ತು ಗ್ರಿಗ್ರಿ (ಬಿದ್ದಾಗ ಹಗ್ಗ ಹಿಡಿದು ನಿಲ್ಲಿಸಲು ನೆರವಾಗುವ ಸಾಧನ) ಇದೆ, ಬಾದಾಮಿಯಲ್ಲಿ ಬಂಡೆ ಹತ್ತುತ್ತೀರಿ. ಈಗ ಮೂವರು ಸೇರಿ ಸಾವನದುರ್ಗದ ಉದ್ದ ಮಾರ್ಗಗಳಿಗೆ ಹೋಗುವ ಯೋಚನೆ. ಯಾವ ಹಾಫ್ ರೋಪ್ (ಜೋಡಿಯಾಗಿ ಬಳಸುವ ತೆಳು ಹಗ್ಗ), ಯಾವ ಬಿಲೇ ಡಿವೈಸ್ (ಹತ್ತುವವರ ಹಗ್ಗ ಹಿಡಿದು ಕಾಯುವ ಸಾಧನ) ಅಂತ ಕೇಳಿದ್ದೀರಿ. ಎರಡನ್ನೂ ಒಟ್ಟಿಗೆ ಕೇಳಿದ್ದು ಒಳ್ಳೆಯದಾಯಿತು. ಇವೆರಡೂ ಒಂದಕ್ಕೊಂದು ಹೊಂದಲೇಬೇಕು.

ಬಾದಾಮಿಗೆ ಮಾತ್ರ ಅಂದರೆ ಹಾಫ್ ರೋಪ್ ಬೇಡವೇ ಬೇಡ. ಅಲ್ಲಿ ಹೆಚ್ಚಿನವು ಒಂದೇ ಪಿಚ್‌ನ (ಒಂದು ಹಗ್ಗದ ಉದ್ದದಲ್ಲಿ ಮುಗಿಯುವ), ಬಂಡೆಗೆ ಬೋಲ್ಟ್ ಹೊಡೆದಿಟ್ಟ ಮಾರ್ಗಗಳು. ಸಿಂಗಲ್ ರೋಪ್ ಸಾಕು. ಹಾಫ್ ರೋಪ್‌ನ ಉಪಯೋಗ ಗೊತ್ತಾಗುವುದು ಮಾರ್ಗ ಎಡಕ್ಕೂ ಬಲಕ್ಕೂ ತಿರುಗಿದಾಗ. ಎಡಗಡೆಯ ಗೇರ್‌ಗೆ (ಬಿದ್ದರೆ ತಡೆಯಲು ಬಂಡೆಯಲ್ಲಿ ಹಾಕುವ ಆಧಾರಕ್ಕೆ) ಒಂದು ಹಗ್ಗ, ಬಲಗಡೆಯದಕ್ಕೆ ಇನ್ನೊಂದು ಹಾಕಿದರೆ ಹಗ್ಗ ಬಂಡೆಗೆ ಉಜ್ಜಿ ಬಿಗಿಯುವುದು ತುಂಬಾ ಕಡಿಮೆಯಾಗುತ್ತದೆ. ಇನ್ನೊಂದು ಲಾಭ ಇಳಿಯುವಾಗ. 60 ಮೀಟರ್‌ನ ಒಂದೇ ಹಗ್ಗದಲ್ಲಿ ರ‍್ಯಾಪೆಲ್ ಮಾಡಿದರೆ, ಅಂದರೆ ಹಗ್ಗ ಹಿಡಿದು ಕೆಳಗಿಳಿದರೆ, ಅದನ್ನು ಎರಡಾಗಿ ಮಡಚಿ ಹಾಕಬೇಕಾದ್ದರಿಂದ ಸಿಗುವುದು 30 ಮೀಟರ್. ಎರಡು ಹಗ್ಗ ಜೋಡಿಸಿದರೆ ಹೆಚ್ಚೂಕಡಿಮೆ ಪೂರ್ತಿ 60. ಸಾವನದುರ್ಗದ ಗ್ರಾನೈಟ್ ಇಳಿಜಾರು ಮಳೆ ಬಿದ್ದ ಕೂಡಲೇ ಜಾರಲು ಶುರುವಾಗುತ್ತದೆ. ಅರ್ಧದಲ್ಲೇ ವಾಪಸ್ ಇಳಿಯಬೇಕಾದಾಗ ಈ ಉದ್ದ ಜೀವ ಉಳಿಸುತ್ತದೆ.

ಹಗ್ಗದ ತುದಿಯ ಪಟ್ಟಿಯಲ್ಲಿ ಒಂದು ವೃತ್ತದೊಳಗೆ ½ ಅಂತ ಇದ್ದರೆ ಅದು ಹಾಫ್. ವೃತ್ತದೊಳಗೆ 1 ಇದ್ದರೆ ಸಿಂಗಲ್. ಒಂದಕ್ಕೊಂದು ಹೆಣೆದುಕೊಂಡ ಎರಡು ವೃತ್ತ ಇದ್ದರೆ ಟ್ವಿನ್. ಟ್ವಿನ್‌ನ ಎರಡೂ ಎಳೆಗಳನ್ನು (ಜೋಡಿಯ ಎರಡೂ ಹಗ್ಗಗಳನ್ನು) ಪ್ರತಿ ಗೇರ್‌ಗೂ ಜೊತೆಯಾಗಿಯೇ ಹಾಕಬೇಕು, ಹಾಗಾಗಿ ನಿಮ್ಮ ಕೆಲಸಕ್ಕೆ ಅದು ಬರುವುದಿಲ್ಲ. ಹತ್ತುವ ಹಗ್ಗಗಳ ಯುರೋಪಿಯನ್ ಮಾನದಂಡ ಇಎನ್ 892ರಲ್ಲಿ ಹಾಫ್ ರೋಪ್‌ನ ಒಂದು ಎಳೆಯನ್ನು 55 ಕೆ.ಜಿ. ತೂಕ ಬೀಳಿಸಿ ಪರೀಕ್ಷಿಸುತ್ತಾರೆ, ಸಿಂಗಲ್ ಅನ್ನು 80 ಕೆ.ಜಿ.ಯಿಂದ. ಎರಡೂ ಕನಿಷ್ಠ 5 ಸಲ ತಡೆಯಬೇಕು. ಅದಕ್ಕೇ ಹಾಫ್ ರೋಪ್‌ನ ಒಂದೇ ಎಳೆ ಕಟ್ಟಿಕೊಂಡು ಯಾರೂ ಲೀಡ್ ಮಾಡಬೇಡಿ, ಅಂದರೆ ಮೊದಲಿಗರಾಗಿ ಹತ್ತಬೇಡಿ.

ಮೇಲಿನಿಂದ ಇಬ್ಬರನ್ನು ಬಿಲೇ ಮಾಡುವಾಗ ಒಬ್ಬೊಬ್ಬರಿಗೆ ಒಂದೊಂದು ಎಳೆ ಕಟ್ಟುವುದು ಸರಿಯಾದ ಪದ್ಧತಿಯೇ. ಆದರೆ ಹಿಗ್ಗುವಿಕೆ ನೆನಪಿರಲಿ. 80 ಕೆ.ಜಿ. ನೇತಾಡಿದಾಗ ಹಾಫ್ ರೋಪ್ 12% ವರೆಗೆ ಹಿಗ್ಗಲು ಮಾನದಂಡದಲ್ಲಿ ಅವಕಾಶ ಇದೆ. 30 ಮೀಟರ್ ಹಗ್ಗ ಹೊರಗಿದ್ದರೆ ಅದು 3.6 ಮೀಟರ್. ಪಿಚ್‌ನ ಶುರುವಿನಲ್ಲೇ ಕೈ ಬಿಟ್ಟವರು ಕೆಳಗಿನ ಕಟ್ಟೆಗೆ ಬಡಿಯಬಹುದು. ಮೊದಲ ಕೆಲವು ಹೆಜ್ಜೆ ಮುಗಿಯುವವರೆಗೆ ಹಗ್ಗ ಬಿಗಿಯಾಗಿಯೇ ಇರಲಿ.

ದಪ್ಪದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. 7.5 ಮಿ.ಮೀ. ಆಸುಪಾಸಿನ ತೆಳು ಹಗ್ಗ ಬೇಡ. ಅವು ಹಗುರ ನಿಜ, ಹಿಮಾಲಯದಲ್ಲಿ ದಿನವಿಡೀ ಹೊರುವವರಿಗೆ ಸರಿ. ನಮ್ಮ ಗ್ರಾನೈಟ್ ಒರಟು, ಹೊರಪದರ ಬೇಗ ಸವೆಯುತ್ತದೆ. ತೆಳು ಹಗ್ಗ ಕೈಯಲ್ಲೂ ಜಾರುತ್ತದೆ. 8.5 ಮಿ.ಮೀ. ತಗೊಳ್ಳಿ, 60 ಮೀಟರ್‌ನ ಎರಡು, ಬೇರೆ ಬೇರೆ ಬಣ್ಣದವು. ಎರಡೂ ಸೇರಿ ಸುಮಾರು 5.8 ಕೆ.ಜಿ. ಆಗುತ್ತದೆ. ಹೊರೆ ಮೂವರಲ್ಲಿ ಹಂಚಿಹೋಗುತ್ತದೆ.

ಇನ್ನು ಡಿವೈಸ್. ಗ್ರಿಗ್ರಿ ಒಂದೇ ಎಳೆಯದ್ದು, ಹಾಫ್ ರೋಪ್‌ಗೆ ಬಳಸುವಂತಿಲ್ಲ. ನಿಮಗೆ ಬೇಕಿರುವುದು ಎರಡು ಕಿಂಡಿಯ, ಗೈಡ್ ಮೋಡ್ (ಮೇಲಿನ ಆಂಕರ್‌ಗೆ ತೂಗುಹಾಕಿ, ಕೆಳಗಿನವರು ಬಿದ್ದಾಗ ಹಗ್ಗ ತಾನೇ ಲಾಕ್ ಆಗುವ ವಿಧಾನ) ಇರುವ ಡಿವೈಸ್. ಆಂಕರ್ ಅಂದರೆ ಬಂಡೆಗೆ ಭದ್ರ ಮಾಡಿದ ಆಧಾರ. ಪ್ರತಿ ಡಿವೈಸ್ ಮೇಲೆ ಅದು ಹಿಡಿಯುವ ಹಗ್ಗದ ದಪ್ಪ ಬರೆದಿರುತ್ತದೆ. ಡಿಎಂಎಂ ಪಿವಟ್ 7.3ರಿಂದ 11 ಮಿ.ಮೀ. ವರೆಗೆ ಹಿಡಿಯುತ್ತದೆ, ಹೊಸ ಹಗ್ಗಕ್ಕೂ ನಿಮ್ಮ ಹಳೆಯ 9.8ಕ್ಕೂ ಆಗುತ್ತದೆ. ಎಡೆಲ್‌ರಿಡ್ ಮೈಕ್ರೋ ಜುಲ್ 6.9ರಿಂದ 8.5 ಮಾತ್ರ, 9.8 ಅದರಲ್ಲಿ ಹೋಗುವುದಿಲ್ಲ. ನನಗೆ ಪಿವಟ್ ಇಷ್ಟ. ಗೈಡ್ ಮೋಡ್‌ನಲ್ಲಿ ಲಾಕ್ ಆದ ಹಗ್ಗವನ್ನು ಸಡಿಲಿಸಿ ಕೆಳಗಿಳಿಸುವುದು ಅದರಲ್ಲಿ ಸುಲಭ.

ಈ ಇಳಿಸುವ ಕೆಲಸವೇ ಎಲ್ಲಕ್ಕಿಂತ ಅಪಾಯದ್ದು. ಲಾಕ್ ನಿಧಾನಕ್ಕೆ ಬಿಡುವುದಿಲ್ಲ, ಒಮ್ಮೆಲೇ ಬಿಟ್ಟುಬಿಡುತ್ತದೆ. ಬ್ರೇಕ್ ಕಡೆಯ (ಕೈಯಲ್ಲಿ ಹಿಡಿಯುವ ತುದಿಯ) ಹಗ್ಗಕ್ಕೆ ಪ್ರೂಸಿಕ್ (ಹಗ್ಗಕ್ಕೆ ಸುತ್ತಿ ಬಿಗಿ ಹಿಡಿಯುವ ದಾರದ ಗಂಟು) ಹಾಕಿ ಹಾರ್ನೆಸ್‌ಗೆ (ಸೊಂಟಕ್ಕೆ ಕಟ್ಟುವ ಪಟ್ಟಿಗೆ) ಸೇರಿಸದೆ ಅದಕ್ಕೆ ಕೈ ಹಾಕಲೇಬೇಡಿ. ಡಿವೈಸ್‌ನ ಮಿತಿಗಿಂತ ತೆಳು ಹಗ್ಗ ಹಾಕಿದರೆ ಇನ್ನೊಂದು ಅಪಾಯವಿದೆ. ಗೈಡ್ ಮೋಡ್‌ನಲ್ಲಿ ಭಾರ ಬಿದ್ದ ಎಳೆ ಪಕ್ಕಕ್ಕೆ ಸರಿದು ಲಾಕ್ ಆಗದೇ ಹೋಗಬಹುದು.

ಕೆಳಗಿನಿಂದ ಲೀಡರ್‌ಗೆ ಬಿಲೇ ಮಾಡುವುದು ಅಭ್ಯಾಸದ ಮಾತು. ಕ್ಲಿಪ್ ಮಾಡಲು ಒಂದು ಎಳೆ ಬಿಡುತ್ತಾ ಇನ್ನೊಂದನ್ನು ಎಳೆದುಕೊಳ್ಳಬೇಕಾಗುತ್ತದೆ, ಎರಡರ ಬ್ರೇಕ್ ತುದಿಯೂ ಕೈಯಲ್ಲೇ ಇರಬೇಕು. "ಕೆಂಪು ಕೊಡಿ", "ನೀಲಿ ಎಳೆಯಿರಿ" ಅಂತ ಬಣ್ಣ ಹೇಳಿಯೇ ಕೂಗಿ. ಕೈಗವಸು ಹಾಕಿಕೊಳ್ಳಿ. ಇದನ್ನು ಮೊದಲು ಬಾದಾಮಿಯ ಸುಲಭ ಮಾರ್ಗವೊಂದರಲ್ಲಿ ಕಲಿಯಿರಿ. ಲೀಡ್ ಮಾಡುವವರಿಗೆ ಮೇಲಿನಿಂದ 9.8 ಹಗ್ಗದ ಟಾಪ್ ರೋಪ್ ಇರಲಿ, ಅದನ್ನು ಮೂರನೆಯವರು ಗ್ರಿಗ್ರಿಯಲ್ಲಿ ಹಿಡಿದಿರಲಿ.

ರ‍್ಯಾಪೆಲ್‌ಗೆ ಎರಡು ಹಗ್ಗ ಜೋಡಿಸಲು ಓವರ್‌ಹ್ಯಾಂಡ್ ಗಂಟು ಹಾಕಿ, ಕನಿಷ್ಠ 30 ಸೆಂ.ಮೀ. ಬಾಲ ಬಿಡಿ, ನಾಲ್ಕೂ ಎಳೆಗಳನ್ನು ಒಂದೊಂದಾಗಿ ಬಿಗಿಯಿರಿ. ಕೆಳತುದಿಗಳಿಗೂ ಗಂಟು ಇರಲಿ. ಮೊದಲು ಇಳಿಯುವವರು ಎಳೆಯಬೇಕಾದ ಬಣ್ಣ ಯಾವುದು ಅಂತ ತಿಳಿದುಕೊಂಡೇ ಹೊರಡಲಿ. ಪ್ರೂಸಿಕ್ ದಾರ 6 ಮಿ.ಮೀ. ಇದ್ದರೆ ಈ ತೆಳು ಹಗ್ಗದ ಮೇಲೆ ಒಂದು ಸುತ್ತು ಜಾಸ್ತಿ ಬೇಕಾಗಬಹುದು. ಆಂಕರ್‌ನಿಂದ ನಿಮ್ಮನ್ನು ಬಿಚ್ಚಿಕೊಳ್ಳುವ ಮೊದಲು ಭಾರ ಹಾಕಿ ನೋಡಿ.

ಇದೇ ಚರ್ಚೆಯಲ್ಲಿ ಒಬ್ಬರು ಹುಬ್ಬಳ್ಳಿ ಮಾರ್ಕೆಟ್‌ನ ನೈಲಾನ್ ಹಗ್ಗವೂ ಗಟ್ಟಿ, ಅಗ್ಗ ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಲಾರಿ ಹೇರಿಗೆ ಕಟ್ಟುವ ಹಗ್ಗ ಬೀಳುವ ಜಗ್ಗನ್ನು ಹಿಗ್ಗಿ ನುಂಗುವಂತೆ ಮಾಡಿದ್ದಲ್ಲ. ಆ ಪೆಟ್ಟು ನೇರ ನಿಮ್ಮ ಬೆನ್ನಿಗೆ, ಆಂಕರ್‌ಗೆ ಬರುತ್ತದೆ. ಹಳೆಯದನ್ನೂ ಕೊಳ್ಳಬೇಡಿ, ಅದು ಏನೇನು ಕಂಡಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಹೊಸ ಹಗ್ಗ ತಂದಮೇಲೆ ಕಾರಿನ ಡಿಕ್ಕಿಯಲ್ಲಿ ಬ್ಯಾಟರಿ, ಆಸಿಡ್ ಹತ್ತಿರ ಇಡಬೇಡಿ. ಆಸಿಡ್ ತಗುಲಿದ ನೈಲಾನ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಾ ಒಳಗೆ ಸತ್ತಿರುತ್ತದೆ.

ಕೊಳ್ಳುವ ಮುಂಚೆ ಹಗ್ಗದ ಪಟ್ಟಿಯ ಮತ್ತು ಡಿವೈಸ್‌ನ ಫೋಟೋ ಇಲ್ಲಿ ಹಾಕಿ. ಎರಡೂ ಹೊಂದುತ್ತವೋ ಇಲ್ಲವೋ ನೋಡಿ ಹೇಳುತ್ತೇನೆ.