ಬ್ಲಾಕ್ಡ್ ಅಕೌಂಟ್ ಇದೆಯಲ್ಲ, ಜರ್ಮನಿಯಲ್ಲಿ ಇನ್ನೊಂದು ಖಾತೆ ಯಾಕೆ?

ಪ್ರಶ್ನೆ: ಮಗಳು ಎಂ.ಎಸ್. ಓದಲು ಅಕ್ಟೋಬರ್‌ಗೆ ಜರ್ಮನಿಯ ಆಖೆನ್‌ಗೆ ಹೋಗುತ್ತಿದ್ದಾಳೆ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟ್ ಮಾಡಿಸಿ, ವರ್ಷದ ಪೂರ್ತಿ ಹಣ ಹಾಕಿದ್ದೇವೆ. ಅಲ್ಲಿಗೆ ಹೋದ ಮೇಲೆ ಇನ್ನೊಂದು ಖಾತೆ ಮಾಡಿಸಬೇಕಂತೆ. ಯಾಕೆ? ಹೊಸಬರಿಗೆ ಕೊಡಲ್ಲ ಎಂದು ಬ್ಯಾಂಕಿನವರು ಹೇಳಿದರೆ ಏನು ಗತಿ? ಇಲ್ಲಿನ ಅವಳ ಎಸ್‌ಬಿ ಖಾತೆ ಹಾಗೇ ಇರಲಿ ಅಲ್ವಾ?
– ಒಬ್ಬ ತಂದೆ, ಹಾಸನ

ಉತ್ತರ: ನೀವು ಹಾಕಿರುವ ಹಣ ನಿಮ್ಮ ಮಗಳದೇ. ಆದರೆ ಅವಳು ಬೇಕೆಂದಾಗ ತೆಗೆಯುವ ಹಾಗಿಲ್ಲ. 2024ರ ಸೆಪ್ಟೆಂಬರ್‌ನಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 11,904 ಯೂರೋ ತೋರಿಸಬೇಕು ಎಂಬ ಲೆಕ್ಕ ಇದೆ. ಅದರಲ್ಲಿ ತಿಂಗಳಿಗೆ 992 ಯೂರೋ ಮಾತ್ರ ಹೊರಗೆ ಬರುತ್ತದೆ. ಬಂದು ಬೀಳುವುದಕ್ಕೆ ದಿನಬಳಕೆಯ ಒಂದು ಸಾಮಾನ್ಯ ಖಾತೆ ಬೇಕಲ್ಲ, ಅದಕ್ಕೇ ಅಲ್ಲಿ 'ಜಿರೋ' (Giro) ಖಾತೆ ಎನ್ನುತ್ತಾರೆ. ಬಾಡಿಗೆ, ಆರೋಗ್ಯ ವಿಮೆ, ಮೊಬೈಲ್ ಬಿಲ್ ಎಲ್ಲಾ ಹೋಗುವುದು ಅಲ್ಲಿಂದಲೇ.

ಇಲ್ಲೇ ಬಹಳ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು. ಎಷ್ಟೋ ಬ್ಯಾಂಕುಗಳು ವಿಳಾಸ ನೋಂದಣಿಯ ಕಾಗದ ಕೇಳುತ್ತವೆ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ಮಾಡಿಸಬೇಕಾದ ಆ ನೋಂದಣಿಗೆ 'ಆನ್‌ಮೆಲ್ಡುಂಗ್' ಎನ್ನುತ್ತಾರೆ. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಅಂದರೆ ಮೊದಲು ಮನೆ, ಆಮೇಲೆ ನೋಂದಣಿ, ಆಮೇಲೆ ಖಾತೆ, ಕೊನೆಗೆ ನಿಮ್ಮ ಹಣ. ಆದರೆ ಮನೆ ಸಿಗಬೇಕಾದರೇ ಬಾಡಿಗೆ, ಅಡ್ವಾನ್ಸು ಕೊಡಬೇಕು! ಅಡ್ವಾನ್ಸು ಮೂರು ತಿಂಗಳ ಬಾಡಿಗೆಯವರೆಗೂ ಕೇಳಬಹುದು. ಹಾಗಾಗಿ ಮೊದಲ ಎರಡು ತಿಂಗಳ ಖರ್ಚು ಮತ್ತು ಅಡ್ವಾನ್ಸಿಗೆ ಬೇಕಾದ ಹಣವನ್ನು ಬೇರೆಯಾಗಿ ಫಾರೆಕ್ಸ್ ಕಾರ್ಡ್‌ನಲ್ಲಿ (ಮುಂಚೆಯೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್) ಹಾಕಿಕೊಡಿ. ಕೈಯಲ್ಲಿ ಸ್ವಲ್ಪ ನಗದೂ ಇರಲಿ. ಅಲ್ಲಿ ಬೇಕರಿ, ಸಣ್ಣ ಹೋಟೆಲುಗಳಲ್ಲಿ ಇನ್ನೂ ನೋಟು ಕೇಳುವವರಿದ್ದಾರೆ.

ಖಾತೆ ಆಗಲ್ಲ ಎಂದರೆ ಹೆದರಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವ ಯಾರೇ ಆಗಲಿ, ಬೇಸಿಕ್ ಖಾತೆ ಕೇಳುವ ಹಕ್ಕು ಜರ್ಮನಿಯಲ್ಲಿ 2016ರ ಜೂನ್‌ನಿಂದ ಇದೆ. ಅದರ ಹೆಸರು 'ಬಾಸಿಸ್‌ಕೊಂಟೊ'. ಅದಕ್ಕೊಂದು ನಿಗದಿತ ಫಾರಂ ಇದೆ. ತುಂಬಿ ಕೊಟ್ಟ ಮೇಲೆ ಬ್ಯಾಂಕು ಹತ್ತು ಕೆಲಸದ ದಿನದೊಳಗೆ ಖಾತೆಗೆ ಒಪ್ಪಬೇಕು, ಇಲ್ಲವೇ ಕಾರಣ ಬರೆದುಕೊಡಬೇಕು. ಕಾರಣ ಸರಿಯಿಲ್ಲ ಅನಿಸಿದರೆ ಹಣಕಾಸು ಮೇಲ್ವಿಚಾರಣಾ ಸಂಸ್ಥೆ ಬಾಫಿನ್‌ಗೆ ದೂರು ಕೊಡಬಹುದು. ಕೌಂಟರಿನಲ್ಲಿ ಬಾಯಿಮಾತಲ್ಲಿ 'ಇಲ್ಲ' ಎಂದರೆ ಮಗಳು ಸುಮ್ನೆ ವಾಪಸ್ ಬರಬಾರದು. ಫಾರಂ ಕೇಳಬೇಕು.

ಇನ್ನೊಂದು ಮಾತು, ಸಣ್ಣದಲ್ಲ. ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದು ಲಕೋಟೆಯಲ್ಲಿ ಅಂಚೆಯಲ್ಲಿ ಬರುತ್ತವೆ. ಅಂಚೆಯವರು ನೋಡುವುದು ಮನೆಯ ಅಂಚೆ ಡಬ್ಬಿಯ ಮೇಲಿನ ಹೆಸರನ್ನು. ನಾನು ಮೊದಲು ಹೋದಾಗ ಡಬ್ಬಿಯ ಮೇಲೆ ಹೆಸರು ಅಂಟಿಸಿರಲಿಲ್ಲ. ಕಾರ್ಡ್ ಬ್ಯಾಂಕಿಗೇ ವಾಪಸ್ ಹೋಯಿತು. ಆ ಮೂರು ವಾರ ಗೆಳೆಯನ ಹತ್ತಿರ ಸಾಲ ಮಾಡಿ ಊಟ ಮಾಡಿದೆ. ಮನೆಗೆ ಹೋದ ದಿನವೇ ಹೆಸರು ಅಂಟಿಸಲು ಹೇಳಿ.

ಆ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಇರಲಿ. ನಮ್ಮಲ್ಲಿ ಇನಿಷಿಯಲ್ ರೂಢಿ. ಪಾಸ್‌ಪೋರ್ಟ್‌ನಲ್ಲಿ ಅದು ಅಪ್ಪನ ಹೆಸರೋ ಊರಿನ ಹೆಸರೋ ಆಗಿ ಬಿಡಿಸಿ ಬಂದಿರುತ್ತದೆ. 2025ರ ಅಕ್ಟೋಬರ್‌ನಿಂದ ಯೂರೋ ದೇಶಗಳ ಬ್ಯಾಂಕುಗಳು ಹಣ ಕಳಿಸುವ ಮೊದಲು ಪಡೆಯುವವರ ಹೆಸರು, ಖಾತೆ ನಂಬರ್ ತಾಳೆಯಾಗುತ್ತದಾ ಎಂದು ನೋಡಿ ಹೇಳಬೇಕು. ಬಾಡಿಗೆ ಕರಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಒಂದು ಹೆಸರು ಆದರೆ ಪರದಾಟ.

ಒಂದು ವಿಷಯ ಮಾತ್ರ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿ. 'ನಿನ್ನ ಖಾತೆಯಿಂದ ನನಗೆ ಯೂರೋ ಹಾಕು, ಊರಲ್ಲಿ ನಿಮ್ಮಪ್ಪನಿಗೆ ನಮ್ಮವರು ರೂಪಾಯಿ ಕೊಡ್ತಾರೆ, ರೇಟೂ ಒಳ್ಳೇದು' ಎಂದು ವಾಟ್ಸಾಪ್ ಗುಂಪುಗಳಲ್ಲಿ ಕೇಳುವವರು ಇರುತ್ತಾರೆ. ಕನ್ನಡದವರೇ ಇರಬಹುದು, ಪಾಪ ಎನಿಸಬಹುದು. ಇದು ನಮ್ಮ ವಿದೇಶಿ ವಿನಿಮಯ ಕಾನೂನಾದ ಫೆಮಾಕ್ಕೆ ವಿರುದ್ಧ. ಅವಳ ಖಾತೆಗೇ ಹಣ ಹಾಕಿ ಬೇರೆಯವರಿಗೆ ಕಳಿಸು ಎನ್ನುವವರೂ ಇದ್ದಾರೆ. ಅದು ಕದ್ದ ಹಣವಾಗಿದ್ದರೆ ಪೊಲೀಸರು ಮೊದಲು ಬರುವುದು ಅವಳ ಬಾಗಿಲಿಗೆ.

ಇಲ್ಲಿನ ಎಸ್‌ಬಿ ಖಾತೆ ಹಾಗೇ ಇರುವಂತಿಲ್ಲ. ಓದಲು ಹೊರಗೆ ಹೋದವರನ್ನೂ ಫೆಮಾ ಪ್ರಕಾರ ಅನಿವಾಸಿ ಎಂದೇ ಪರಿಗಣಿಸುತ್ತಾರೆ. ಖಾತೆ ಮುಚ್ಚುವುದು ಬೇಡ, ಅನಿವಾಸಿಗಳು ಇಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ, ಅಂದರೆ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಎನ್‌ಆರ್‌ಒ ಬಡ್ಡಿಯಲ್ಲಿ ಟಿಡಿಎಸ್ (ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಜಾಸ್ತಿ ಹಿಡಿಯುತ್ತಾರೆ, ಅದಕ್ಕೆ ದೊಡ್ಡ ಮೊತ್ತ ಅಲ್ಲಿ ಬಿಡಬೇಡಿ. ಹೊರಡುವ ಮೊದಲೇ ಅವಳನ್ನು ಕರೆದುಕೊಂಡು ನಿಮ್ಮ ಶಾಖೆಗೆ ಹೋಗಿ ಕೇಳಿ. ಬೇಕಾದ ಕಾಗದಗಳ ಪಟ್ಟಿ ಕೊಡುತ್ತಾರೆ. ಓಟಿಪಿ ಬರುವ ಇಲ್ಲಿನ ಸಿಮ್‌ಗೆ ರೋಮಿಂಗ್ ಹಾಕಿಸುವ ಕೆಲಸವನ್ನೂ ಅವತ್ತೇ ಮುಗಿಸಿ.