12ರ ಮಗಳಿಗೆ ದಿನಕ್ಕೆ ಎರಡು ಹೊತ್ತಿನ ಅಭ್ಯಾಸ ಬೇಕೇ?

ಬೇಡ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಆದರೆ ಇಂಥ ಪ್ರಶ್ನೆ ಕೇಳುವ ತಂದೆತಾಯಿಗೆ ಒಂದು ಮಾತು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ, ಹಾಗಾಗಿ ಕಾರಣಗಳನ್ನು ವಿವರವಾಗಿಯೇ ಬರೆಯುತ್ತೇನೆ.

ನೀವು ಬರೆದದ್ದು ಇಷ್ಟು: ಮನೆ ಉಡುಪಿಯ ಹತ್ತಿರ, ಮಗಳು ಏಳನೆಯ ತರಗತಿ. ಕಳೆದ ವರ್ಷ ಜಿಲ್ಲಾ ಮಟ್ಟದಲ್ಲಿ 100 ಮೀಟರ್ ಓಟ ಮತ್ತು ಉದ್ದ ಜಿಗಿತ ಎರಡರಲ್ಲೂ ಪದಕ ಬಂತು. ಈ ವರ್ಷ ಓಟದ ಸಮಯ ಸುಧಾರಿಸುವ ಬದಲು ಹಿಂದೆ ಬಿದ್ದಿದೆ. ಮೊಣಕಾಲಿನ ಕೆಳಗೆ ನೋವು ಎನ್ನುತ್ತಾಳೆ. ಕೋಚ್ ಬೆಳಿಗ್ಗೆಯೂ ಸಂಜೆಯೂ ಕಳಿಸಿ ಎನ್ನುತ್ತಿದ್ದಾರೆ, ಮನೆಯ ಹಿರಿಯರು ಓಟ ಬಿಡಿಸಿ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ತಾಲೂಕು ಕೂಟ. ನನ್ನ ಮಗಳು ಉಡುಪಿಯ ಅಜ್ಜರಕಾಡು ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಓಡುತ್ತಲೇ ಬೆಳೆದವಳು. ಈಗ ಮಂಗಳೂರಿನಲ್ಲಿ ಪದವಿ ಓದುತ್ತಾ ಕಾಲೇಜಿನ ಪರವಾಗಿ 400 ಮೀಟರ್ ಹರ್ಡಲ್ಸ್ ಓಡುತ್ತಾಳೆ. ನೀವು ಈಗ ನಿಂತಿರುವ ಜಾಗದಲ್ಲಿ ನಾನೂ ನಿಂತಿದ್ದೆ.

ಮೊದಲು ಒಂದು ಗುರಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. 17ನೆಯ ವಯಸ್ಸಿನಲ್ಲೂ ನಿಮ್ಮ ಮಗಳು ಓಡುತ್ತಿರಬೇಕು, ಯಾರೂ ಎಬ್ಬಿಸದೆ ತಾನೇ ಎದ್ದು ಶೂ ಕಟ್ಟಿಕೊಳ್ಳುವಂತಿರಬೇಕು. ಏನೇ ನಿರ್ಧಾರ ಎದುರಾದರೂ, ಇದು ಆ 17ರ ಹುಡುಗಿಗೆ ನೆರವಾಗುತ್ತದೆಯೇ ಎಂದು ಕೇಳಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಆರು, ಏಳನೆಯ ತರಗತಿಯಲ್ಲಿ ಚಿಗರೆಯಂತೆ ಓಡುವ ಮಕ್ಕಳಿಗೆ ಕೊರತೆಯಿಲ್ಲ. ಅವರಲ್ಲಿ ಎಷ್ಟೋ ಮಂದಿ ಒಂಬತ್ತನೆಯ ತರಗತಿ ಮುಗಿಯುವುದರೊಳಗೆ ಮೈದಾನದಿಂದ ಕಾಣೆಯಾಗುತ್ತಾರೆ. ಕೆಲವರನ್ನು ನೋವು ಬಿಡಿಸುತ್ತದೆ, ಕೆಲವರನ್ನು ಟ್ಯೂಷನ್ ಬಿಡಿಸುತ್ತದೆ. ಸುಮ್ಮನೆ ಸಾಕಾಗಿ ಬಿಡುವವರೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ ಅವರ ವಿಷಯ ನಿಮಗೆ ತಿಳಿದಿರಬಹುದು. ತಂದೆ ಚಾಲಕರು. ಕುಸ್ತಿಪಟುವಾಗಬೇಕು ಎಂದುಕೊಂಡಿದ್ದ ಹುಡುಗ ಭಾರ ಎತ್ತಲು ಆರಂಭಿಸಿದ್ದು ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಸೇರಿದ ಮೇಲೆ, 2010ರ ಸುಮಾರಿಗೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ ಕಂಚು. 12ಕ್ಕೇ ದಾರಿ ತೀರ್ಮಾನವಾಗಬೇಕು ಎನ್ನುವವರಿಗೆ ನಾನು ಕೊಡುವ ಉತ್ತರ ಅವರೇ. ಭಾರತದ ಅಥ್ಲೆಟಿಕ್ಸ್ ಫೆಡರೇಶನ್ ಕೂಡ ತನ್ನ ಅಂತರ್ ಜಿಲ್ಲಾ ಜೂನಿಯರ್ ಕೂಟದಲ್ಲಿ 14 ವರ್ಷದೊಳಗಿನವರಿಗೆ ಮುಖ್ಯವಾಗಿ ಟ್ರಯಾಥ್ಲಾನ್ ಇಟ್ಟಿದೆ. ಓಟ, ಜಿಗಿತ ಹೀಗೆ ಬೇರೆ ಬೇರೆ ಸ್ಪರ್ಧೆಗಳ ಅಂಕ ಕೂಡಿಸಿ ಸ್ಥಾನ ಕೊಡುತ್ತಾರೆ. ಆ ವಯಸ್ಸಿನಲ್ಲಿ ಮಗು ಎಲ್ಲವನ್ನೂ ಮಾಡಬೇಕು, ಒಂದಕ್ಕೇ ಕಟ್ಟುಬೀಳಬಾರದು ಎಂಬುದು ಅದರ ಹಿಂದಿನ ಯೋಚನೆ.

ಈಗ ಮೊಣಕಾಲು. ಇದನ್ನು ತಡಮಾಡದೆ ನೋಡಿಸಿ. ಚಿಪ್ಪಿನ ಕೆಳಗೆ, ಮುಂಗಾಲಿನ ಎಲುಬು ಶುರುವಾಗುವಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ತೊಡೆಯ ಸ್ನಾಯುಗಳ ಎಳೆತವೆಲ್ಲ ಕೊನೆಗೆ ಬಂದು ಬೀಳುವುದು ಅಲ್ಲಿಗೆ. ಬೆಳೆಯುವ ಮಕ್ಕಳಲ್ಲಿ ಆ ಭಾಗ ಇನ್ನೂ ಪೂರ್ತಿ ಎಲುಬಾಗಿರುವುದಿಲ್ಲ. ಎಲುಬು ಬೇಗ ಬೇಗ ಉದ್ದವಾಗುವಾಗ ಸ್ನಾಯು ಅದಕ್ಕೆ ಸರಿಯಾಗಿ ಸಡಿಲಗೊಳ್ಳದೆ ಬಿಗಿಯುತ್ತದೆ. ಅದರ ಮೇಲೆ ಓಟ, ಜಿಗಿತ ಹೆಚ್ಚಾದರೆ ಅಲ್ಲಿ ಊದಿಕೊಂಡು ನೋಯುತ್ತದೆ. ವೈದ್ಯರು ಆಸ್‌ಗುಡ್ ಶ್ಲಾಟರ್ ಎಂದು ಕರೆಯುವ ತೊಂದರೆ ಇದು. ಹುಡುಗಿಯರಲ್ಲಿ ಸಾಮಾನ್ಯವಾಗಿ 10ರಿಂದ 13ರೊಳಗೆ ಕಾಣಿಸಿಕೊಳ್ಳುತ್ತದೆ, ಬೆಳವಣಿಗೆ ನಿಂತ ಮೇಲೆ ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ನಿಮ್ಮ ಮಗಳಿಗೆ ಇರುವುದು ಇದೇ ಎಂದು ನಾನು ಹೇಳುವಂತಿಲ್ಲ, ಅದು ಮೂಳೆ ತಜ್ಞರ ಕೆಲಸ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ಅವರಿಗೆ ಕೊರತೆಯಿಲ್ಲ. ರಾತ್ರಿ ನಿದ್ದೆಯಿಂದ ಎಚ್ಚರವಾಗುವಷ್ಟು ನೋವಿದ್ದರೆ, ಕುಂಟುತ್ತಿದ್ದರೆ, ಇಡೀ ಮೊಣಕಾಲೇ ಊದಿಕೊಂಡಿದ್ದರೆ ನಾಳೆಯೇ ಹೋಗಿ. ನೋವಿನ ಮಾತ್ರೆ ನುಂಗಿಸಿ, ಸ್ಪ್ರೇ ಹೊಡೆದು ಓಡಿಸುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ.

ಸಮಯ ಹಿಂದೆ ಬಿದ್ದದ್ದಕ್ಕೂ ಬಹುಪಾಲು ಇದೇ ಬೆಳವಣಿಗೆ ಕಾರಣ. ಹುಡುಗಿಯರು ಅತಿ ವೇಗವಾಗಿ ಎತ್ತರವಾಗುವುದು ಹೆಚ್ಚುಕಡಿಮೆ 12ರ ಆಸುಪಾಸಿನಲ್ಲಿ. ಕಾಲು ಉದ್ದವಾಗುತ್ತದೆ, ತೂಕ ಕೂಡುತ್ತದೆ, ಸೊಂಟ ಅಗಲವಾಗುತ್ತದೆ, ಕಳೆದ ವರ್ಷ ಸಲೀಸಾಗಿ ಬರುತ್ತಿದ್ದ ಹೆಜ್ಜೆ ಈಗ ತಡವರಿಸುತ್ತದೆ. ಉದ್ದ ಜಿಗಿತದ ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ. ಓಡಿ ಬಂದು ಹಲಗೆ ಮೆಟ್ಟುವ ಲೆಕ್ಕವೇ ತಪ್ಪಿ ಒಂದರ ಹಿಂದೆ ಒಂದು ಫೌಲ್ ಆಗುತ್ತದೆ. ಮಗು ಸೋಮಾರಿಯಾಗಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆ ಎಳೆದು ಪ್ರತಿ ತಿಂಗಳು ಅವಳ ಎತ್ತರ ಗುರುತಿಸಿ. ಗೆರೆಗಳು ದೂರ ದೂರವಾಗಿ ಬೀಳುತ್ತಿರುವ ತಿಂಗಳುಗಳಲ್ಲಿ ಜಿಗಿತ ಕಡಿಮೆ ಮಾಡಿಸಿ, ಸಮಯದ ಮಾತೆತ್ತಬೇಡಿ. ನಾವು ಹಾಗೆ ಮಾಡಿದೆವು, ಕೋಚ್‌ಗೂ ಆ ಗೆರೆಗಳ ಲೆಕ್ಕ ತೋರಿಸಿದೆವು. ಅವರು ಮರುಮಾತಿಲ್ಲದೆ ಒಪ್ಪಿದರು. ಕಳೆದ ವರ್ಷ ನಿಮ್ಮ ಮಗಳ ಹಿಂದೆ ಇದ್ದವರು ಈ ವರ್ಷ ಮುಂದೆ ಹೋಗಿರಬಹುದು. ಯಾರು ಬೇಗ ಬೆಳೆದರು, ಯಾರು ತಡವಾಗಿ ಬೆಳೆಯುತ್ತಾರೆ ಎಂಬುದರ ಮೇಲೆಯೇ ಈ ವಯಸ್ಸಿನ ಪದಕಗಳಲ್ಲಿ ಎಷ್ಟೋ ತೀರ್ಮಾನವಾಗಿರುತ್ತವೆ.

ಎರಡು ಹೊತ್ತಿನ ಅಭ್ಯಾಸದ ಲೆಕ್ಕ ಹಾಕಿ ನೋಡಿ. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ತರಬೇತಿ ಬೇಡ ಎಂಬುದು ಮಕ್ಕಳ ಕ್ರೀಡಾ ವೈದ್ಯರು ಬಳಸುವ ಅಳತೆ. ಅಂದರೆ ನಿಮ್ಮ ಮಗಳಿಗೆ ಹೆಚ್ಚೆಂದರೆ 12 ಗಂಟೆ, ಶಾಲೆಯ ಆಟವನ್ನೂ ಸೇರಿಸಿ. ವಾರದಲ್ಲಿ ಕನಿಷ್ಠ ಒಂದು ದಿನ ಪೂರ್ತಿ ಬಿಡುವು, ವರ್ಷದಲ್ಲಿ ಎರಡು ಮೂರು ತಿಂಗಳು ಆ ಒಂದು ಆಟದಿಂದ ದೂರ. 12ರ ಮಗುವಿಗೆ ರಾತ್ರಿ ಕನಿಷ್ಠ 9 ಗಂಟೆ ನಿದ್ದೆ ಬೇಕು. ಬೆಳಿಗ್ಗೆ 5ಕ್ಕೆ ಎಬ್ಬಿಸಿ, ಸಂಜೆ ಮತ್ತೆ ಮೈದಾನಕ್ಕೆ ಕಳಿಸಿ, ಆಮೇಲೆ ಹೋಂವರ್ಕ್ ಮುಗಿಸಿ ಅವಳು ಮಲಗುವಾಗ ಎಷ್ಟು ಗಂಟೆಯಾಗುತ್ತದೆ? ನಿದ್ದೆ ಕದ್ದು ಮಾಡಿಸಿದ ಅಭ್ಯಾಸದಿಂದ ದೇಹಕ್ಕೆ ಲಾಭವಿಲ್ಲ.

ನಮ್ಮ ಊರಿನ ವರ್ಷವೇ ಈ ಬಿಡುವನ್ನು ಒದಗಿಸಿಕೊಡುತ್ತದೆ. ಜೂನ್, ಜುಲೈ ಮಳೆಯಲ್ಲಿ ಟ್ರ್ಯಾಕ್ ಜಾರುತ್ತದೆ, ಶಾಲೆಗೇ ರಜೆ ಕೊಡುವ ದಿನಗಳಿರುತ್ತವೆ. ಆಗ ಒಳಗೆ ಹಗ್ಗದಾಟ, ಬ್ಯಾಡ್ಮಿಂಟನ್, ಮಳೆ ಬಿಟ್ಟ ದಿನ ಈಜುಕೊಳ. ಯಕ್ಷಗಾನ ಕಲಿಯುವ ಆಸೆ ಇದ್ದರೆ ಅದನ್ನೂ ಕಲಿಯಲಿ, ಕಾಲಿನ ಹದಕ್ಕೂ ತಾಳದ ಹಿಡಿತಕ್ಕೂ ಅದು ಒಳ್ಳೆಯದು. ಫೆಬ್ರುವರಿ, ಮಾರ್ಚ್ ಪರೀಕ್ಷೆಯ ಕಾಲವನ್ನು ನೆಪವಾಗಿ ಬಳಸಿಕೊಂಡು ಓಟಕ್ಕೆ ಇನ್ನೊಂದು ಬಿಡುವು ಕೊಡಿ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಯಲ್ಲಿ ಇರುವುದೇ ಸಾಕು. ಕುಚ್ಚಲಕ್ಕಿ ಅನ್ನ, ಬೂತಾಯಿ ಅಥವಾ ಬಂಗುಡೆ ಮೀನು, ಮೊಟ್ಟೆ, ಹುರುಳಿ ಸಾರು, ಬಸಳೆ, ಮೊಸರು. ಸಸ್ಯಾಹಾರಿಗಳಾದರೆ ಕಾಳು, ಹಾಲು ಹೆಚ್ಚು ಮಾಡಿ, ಊಟಕ್ಕೆ ನಿಂಬೆ ಹಿಂಡಿ, ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಶಾಲೆ ಮುಗಿದು ಮೈದಾನಕ್ಕೆ ಹೋಗುವ ಮುಂಚೆ ಹೊಟ್ಟೆ ಖಾಲಿ ಇರಬಾರದು. ನಾನು ಚೀಲದಲ್ಲಿ ಬಾಳೆಹಣ್ಣು, ಡಬ್ಬಿಯಲ್ಲಿ ಅವಲಕ್ಕಿ, ಬಾಟಲಿಯಲ್ಲಿ ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು ಇಡುತ್ತಿದ್ದೆ. ನಮ್ಮ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಆದ್ದರಿಂದ ನೀರು ಕುಡಿಯಲು ಕೋಚ್ ಬಿಡುವು ಕೊಡಲೇಬೇಕು. ಮುಟ್ಟು ಶುರುವಾದ ಮೇಲೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ ಅದನ್ನು ‘ಕ್ರೀಡಾಪಟುಗಳಿಗೆ ಸಹಜ’ ಎಂದು ಸುಮ್ಮನಾಗದೆ ವೈದ್ಯರ ಬಳಿ ಹೋಗಿ. ದೇಹಕ್ಕೆ ಊಟ ಸಾಲುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು, ಮುಂದೆ ಎಲುಬನ್ನೇ ಸೊರಗಿಸುತ್ತದೆ. ತೂಕ ಇಳಿಸು ಎಂದು ಈ ವಯಸ್ಸಿನ ಹುಡುಗಿಗೆ ಹೇಳುವ ಯಾರನ್ನೂ ನಾನು ಹತ್ತಿರ ಸೇರಿಸುವುದಿಲ್ಲ.

ಪ್ರೋಟೀನ್ ಪುಡಿ, ‘ಶಕ್ತಿಯ’ ಮಾತ್ರೆ ಇವುಗಳನ್ನು ಮನೆಯೊಳಗೆ ಬಿಡಬೇಡಿ. ನಮ್ಮದೇ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದಾಗ ಇಡೀ ಕರಾವಳಿ ಹಿಗ್ಗಿತ್ತು. ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಪೂರಕದಿಂದ ಅದು ದೇಹ ಸೇರಿತು ಎಂದು ಅವರು ಹೇಳಿದರು. ಆದರೂ ಕೊನೆಗೆ ಎರಡು ವರ್ಷದ ನಿಷೇಧವಾಯಿತು. ಗೊತ್ತಿಲ್ಲದೆ ತಿಂದರೂ ಹೊಣೆ ಕ್ರೀಡಾಪಟುವಿನದೇ ಎಂಬುದು ನಿಯಮ. ಆ ವಿಷಯ ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ನಿಮ್ಮ ಮಗಳಿಗೆ ಈಗಿನಿಂದಲೇ ಒಂದು ಅಭ್ಯಾಸ ಕಲಿಸಿ: ಯಾರು ಏನು ಕೊಟ್ಟರೂ ಮನೆಯಲ್ಲಿ ತೋರಿಸದೆ ಬಾಯಿಗೆ ಹಾಕಬಾರದು.

ಸಂಜೆ ಹೊತ್ತು ಅಜ್ಜರಕಾಡಿನಲ್ಲಿ 100 ಮೀಟರ್ ಮುಗಿಯುವ ಗೆರೆಯ ಬಳಿ ನಿಂತು ಒಮ್ಮೆ ನೋಡಿ. ಮೊಬೈಲ್ ಸ್ಟಾಪ್‌ವಾಚ್ ಹಿಡಿದ ತಂದೆಯಂದಿರು ಸಾಲಾಗಿ ನಿಂತಿರುತ್ತಾರೆ. ಓಡಿ ಬಂದ ಮಗು ಮೊಣಕಾಲಿಗೆ ಕೈ ಊರಿ, ಉಸಿರು ತೆಗೆದುಕೊಳ್ಳುವುದಕ್ಕೂ ಮೊದಲು ಕತ್ತೆತ್ತಿ ನೋಡುವುದು ಅಪ್ಪನ ಮುಖವನ್ನು. ಮುಖ ಗಂಟಾಗಿದ್ದರೆ ಅದರ ಹೆಗಲು ಅಲ್ಲೇ ಕುಸಿಯುತ್ತದೆ. ಸಮಯ ಹಿಡಿಯುವುದು ಕೋಚ್ ಕೆಲಸ, ಅದನ್ನು ಅವರಿಗೇ ಬಿಡಿ. ಕೂಟ ಮುಗಿಸಿ ಬಸ್ಸಿನಲ್ಲಿ ಬರುವಾಗ ‘ಸ್ಟಾರ್ಟ್ ತಡವಾಯಿತು’, ‘ಅವಳಾದರೆ ನೋಡು’ ಎಂಬ ವಿಚಾರಣೆ ಬೇಡವೇ ಬೇಡ. ‘ಹಸಿವಾಗಿದೆಯಾ’ ಎಂದು ಕೇಳಿ, ಬನ್ಸ್ ಕೊಡಿಸಿ. ಹೇಳಬೇಕೆನ್ನಿಸಿದಾಗ ಅವಳೇ ಹೇಳುತ್ತಾಳೆ. ಕೆಲವೊಮ್ಮೆ ಎರಡು ದಿನ ಬಿಟ್ಟು, ರಾತ್ರಿ ಪಾತ್ರೆ ತೊಳೆಯುವಾಗ ಬಂದು ಪಕ್ಕದಲ್ಲಿ ನಿಂತು ಹೇಳುತ್ತಾಳೆ. ಆಗ ಕೇಳಿಸಿಕೊಳ್ಳಲು ನಿಮಗೆ ಪುರುಸೊತ್ತಿರಲಿ.

ಮನೆಯ ಹಿರಿಯರ ಚಿಂತೆಯನ್ನು ತಳ್ಳಿಹಾಕಬೇಡಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದು ಅದಲುಬದಲಾಯಿತು. ಇಂಥ ಜಿಲ್ಲೆಗಳಲ್ಲಿ ಓಡುವ ಮಗುವಿನ ಅಂಕಪಟ್ಟಿಯನ್ನು ನೆಂಟರೆಲ್ಲ ಕೇಳುತ್ತಾರೆ. ಅವಳಿಗೆ ಓದು ಬೇಕೇ ಬೇಕು, ಏಕೆಂದರೆ ಒಂದು ಗಾಯ ಸಾಕು ಓಟ ನಿಲ್ಲಲು. ಆದರೆ ಸಂಜೆಯ ಒಂದೂವರೆ ಗಂಟೆ ಮೈದಾನದಲ್ಲಿ ಕಳೆದದ್ದರಿಂದ ಅಂಕ ಕಡಿಮೆಯಾಗುವುದಿಲ್ಲ. ಒಂದೇ ಹೊತ್ತಿನ ಅಭ್ಯಾಸ ಎಂದು ತೀರ್ಮಾನಿಸಿದರೆ ಹಿರಿಯರ ಅರ್ಧ ಚಿಂತೆ ತಾನಾಗಿಯೇ ಕರಗುತ್ತದೆ. ವೃತ್ತಿಶಿಕ್ಷಣದ ಸೀಟಿಗೆ ಕ್ರೀಡಾ ಕೋಟಾ ಇದೆ ನಿಜ, ಅದಕ್ಕಾಗಿ ಓಡಿಸಬೇಡಿ, ಪ್ರಮಾಣಪತ್ರಗಳ ಮೂಲ ಪ್ರತಿ ಮಾತ್ರ ಜೋಪಾನವಾಗಿಡಿ. ಹಾಸ್ಟೆಲ್ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಎಷ್ಟೋ ಬಡ ಮಕ್ಕಳನ್ನು ದತ್ತು ತೆಗೆದುಕೊಂಡು ಓದಿಸಿ ಓಡಿಸಿದೆ, ಅದು ದೊಡ್ಡ ಕೆಲಸ. ಮನೆಯಲ್ಲಿ ಊಟಕ್ಕೆ ತೊಂದರೆಯಿಲ್ಲ, ಹತ್ತಿರದಲ್ಲೇ ಟ್ರ್ಯಾಕ್ ಇದೆ ಎಂದಾದರೆ ಹತ್ತನೆಯ ತರಗತಿಯ ತನಕ ಮಗಳು ಮನೆಯಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಕೋಚ್ ಜೊತೆ ಮಕ್ಕಳೆದುರು ಮಾತನಾಡದೆ, ಅಭ್ಯಾಸ ಮುಗಿದ ಮೇಲೆ ಸಮಯ ಕೇಳಿ ಕೂತು ಮಾತನಾಡಿ. ವೈದ್ಯರು ಬರೆದುಕೊಟ್ಟದ್ದನ್ನು ತೋರಿಸಿ, ವಾರಕ್ಕೆ ಇಷ್ಟು ದಿನ ಮಾತ್ರ ಎಂದು ಮೆತ್ತಗೆ, ಸ್ಪಷ್ಟವಾಗಿ ಹೇಳಿ. ಒಳ್ಳೆಯ ಕೋಚ್ ಕೇಳಿಸಿಕೊಳ್ಳುತ್ತಾರೆ. ‘ಹಾಗಾದರೆ ಕರೆದುಕೊಂಡು ಹೋಗಿ’ ಎನ್ನುವವರಾದರೆ ಬೇರೆಯವರನ್ನು ಹುಡುಕಿ. ಹೊರ ಊರಿನ ಕೂಟಕ್ಕೆ ಹುಡುಗಿಯರ ಜೊತೆ ಯಾವ ಶಿಕ್ಷಕಿ ಅಥವಾ ತಾಯಿ ಹೋಗುತ್ತಾರೆ, ರಾತ್ರಿ ಎಲ್ಲಿ ಉಳಿಯುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಕೋಚ್ ಕಳಿಸುವ ಸಂದೇಶಗಳು ನಿಮ್ಮ ಮೊಬೈಲಿಗೆ ಬರಲಿ. ಯಾರ ಮುಟ್ಟುವಿಕೆ ಅಥವಾ ಮಾತು ಇಷ್ಟವಾಗದಿದ್ದರೂ ತಕ್ಷಣ ಹೇಳಬಹುದು, ಹೇಳಿದರೆ ಓಟ ನಿಲ್ಲಿಸುವುದಿಲ್ಲ ಎಂದು ಮಗಳಿಗೆ ಮಾತು ಕೊಡಿ. ಎಷ್ಟೋ ಮಕ್ಕಳು ಬಾಯಿ ಬಿಡದಿರುವುದು ಆಟ ಕೈತಪ್ಪೀತು ಎಂಬ ಭಯದಿಂದ. 1098 ಮಕ್ಕಳ ಸಹಾಯವಾಣಿ ಎಂಬುದೂ ಅವಳಿಗೆ ಗೊತ್ತಿರಲಿ.

ಇನ್ನು ಮುಂದಿನ ತಿಂಗಳ ತಾಲೂಕು ಕೂಟ. ವೈದ್ಯರು ಒಪ್ಪಿದರೆ ಓಡಲಿ, ಆದರೆ ಉದ್ದ ಜಿಗಿತದಿಂದ ಈ ಸಲ ಹೆಸರು ತೆಗೆಸಿ, ನೆಗೆದು ಇಳಿಯುವಾಗ ಮೊಣಕಾಲಿನ ಆ ಜಾಗಕ್ಕೇ ಪೆಟ್ಟು. 100 ಮೀಟರ್ ಮತ್ತು ಶಾಲೆಯ ರಿಲೇ ಸಾಕು. ರಿಲೇಯಲ್ಲಿ ಗೆಳತಿಯರ ಜೊತೆ ಓಡುವ ಖುಷಿಯೇ ಬೇರೆ, ಸಮಯದ ಚಿಂತೆಯನ್ನು ಅದು ಸ್ವಲ್ಪ ಮರೆಸುತ್ತದೆ. ಹೊಸ ಸ್ಪೈಕ್ಸ್ (ಅಡಿಯಲ್ಲಿ ಮೊಳೆಯಿರುವ ಓಟದ ಶೂ) ಬೇಡ, ಪಾದ ಇನ್ನೂ ಬೆಳೆಯುತ್ತಿದೆ. ಶಾಲೆಯ ಮೈದಾನದ ಕೆಸರಿನಲ್ಲಿ ಓಡುವುದಾದರೆ ಹಿಡಿತವಿರುವ ಸಾಮಾನ್ಯ ಶೂ ಸಾಕು. ವೈದ್ಯರು ಬೇಡವೆಂದರೆ ಈ ವರ್ಷದ ಕೂಟ ಬಿಟ್ಟುಬಿಡಿ, ಆದರೆ ಅವಳನ್ನು ಮನೆಯಲ್ಲಿ ಕೂರಿಸದೆ ತಂಡದ ಜೊತೆ ಕಳಿಸಿ. ಮೊಣಕಾಲು ತೋರಿಸಿ ಬಂದ ಮೇಲೆ ವೈದ್ಯರು ಏನೆಂದರು ಎಂದು ಇಲ್ಲಿ ಬರೆಯಿರಿ, ಆಮೇಲಿನ ವ್ಯಾಯಾಮಗಳ ಬಗ್ಗೆ ನಮಗೆ ಫಿಸಿಯೋಥೆರಪಿಸ್ಟ್ ಕಲಿಸಿಕೊಟ್ಟದ್ದನ್ನು ವಿವರವಾಗಿ ಹೇಳುತ್ತೇನೆ.