ಇಪ್ಪತ್ತೆರಡು ಲೋಟ, ಒಂದೇ ನಲ್ಲಿ

ಓದುಗರ ಪತ್ರ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ (ಮಕ್ಕಳು ಚಟುವಟಿಕೆ ಮಾಡುತ್ತ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ತರಗತಿ ತೆಗೆದುಕೊಳ್ಳುತ್ತೇನೆ. ಒಂದರಿಂದ ಮೂರನೇ ತರಗತಿಯ 22 ಮಕ್ಕಳು, ಒಂದೇ ಕೋಣೆ. ಹೋದ ತಿಂಗಳು ಕಾಳು ಮೊಳಕೆ ಬರಿಸುವ ಚಟುವಟಿಕೆ ಇಟ್ಟುಕೊಂಡೆ. ಎರಡು ಪುಟ ಪಾಠ ಯೋಜನೆ ಬರೆದೆ (ಜೊತೆಗಿಟ್ಟಿದ್ದೇನೆ). ಹತ್ತೇ ನಿಮಿಷಕ್ಕೆ ಗಲಾಟೆ. ನಲ್ಲಿ ಹತ್ತಿರ ನೂಕಾಟ, ಮಣ್ಣು ಎರಚಾಟ. ಮುಖ್ಯ ಶಿಕ್ಷಕರು ಬಾಗಿಲಲ್ಲಿ ನಿಂತು 'ಇದೇನ್ರೀ ಮೇಡಂ, ಸಾಲೀನೋ ಸಂತೀನೋ?' ಅಂದರು. ಸಂಜೆ ಕಸ ಗುಡಿಸಿದ್ದು ನಾನೇ. ಸುಮ್ನೆ ಅಕ್ಷರ ತಿದ್ದಿಸುವುದೇ ವಾಸಿ ಅನ್ನಿಸಿದೆ. ನನ್ನ ಯೋಜನೆಯಲ್ಲಿ ತಪ್ಪು ಎಲ್ಲಿದೆ? ಇನ್ನೊಂದು ಮಾತು. ಒಬ್ಬ ಹುಡುಗನ ಲೋಟದಲ್ಲಿ ಮಾತ್ರ ಮೊಳಕೆ ಬರಲಿಲ್ಲ. ಅತ್ತುಬಿಟ್ಟ. ಅವನಿಗೆ ಏನು ಹೇಳಲಿ?

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪಾಠ ಯೋಜನೆಯನ್ನು ಎರಡು ಸಲ ಓದಿದೆ. ಉದ್ದೇಶ ಇದೆ, ಕಲಿಕಾ ಫಲ ಇದೆ, ಸಾಮಗ್ರಿ ಪಟ್ಟಿ ಇದೆ. 'ಶಿಕ್ಷಕರು ವಿವರಿಸುವರು', 'ಶಿಕ್ಷಕರು ತೋರಿಸುವರು' ಅಂತ ಏಳೆಂಟು ಕಡೆ ಇದೆ. ಆ ಹೊತ್ತಿನಲ್ಲಿ ಮಕ್ಕಳ ಕೈಯಲ್ಲಿ ಏನಿರುತ್ತದೆ ಅನ್ನೋದು ಮಾತ್ರ ಎಲ್ಲೂ ಇಲ್ಲ.

ಒಂದು ಲೆಕ್ಕ ಹಾಕೋಣ. 22 ಲೋಟ, ಒಂದೇ ನಲ್ಲಿ. ಒಂದು ಮಗು ಎದ್ದು ಹೋಗಿ, ಲೋಟಕ್ಕೆ ನೀರು ಹಿಡಿದು ಬರಲು ಒಂದು ನಿಮಿಷ ಅಂದುಕೊಳ್ಳಿ. ಕೊನೆಯ ಮಗುವಿನ ಸರದಿ ಬರುವ ಹೊತ್ತಿಗೆ 21 ನಿಮಿಷ ಆಗಿರುತ್ತದೆ. ಆರು ವರ್ಷದ ಮಗು, ಕೈಯಲ್ಲಿ ಮಣ್ಣು ತುಂಬಿದ ಲೋಟ, 21 ನಿಮಿಷ. ಎರಚದೆ ಇನ್ನೇನು ಮಾಡುತ್ತದೆ? ರೇಷನ್ ಅಂಗಡಿ ಮುಂದೆ ಅಷ್ಟು ಹೊತ್ತು ನಿಂತರೆ ದೊಡ್ಡವರಾದ ನಾವೇ ಜಗಳಕ್ಕೆ ಬೀಳುತ್ತೇವೆ. ನಿಮ್ಮ ಮಕ್ಕಳು ತುಂಟರಲ್ಲ, ಕಾದು ಕಾದು ಬೇಸತ್ತವರು.

ಹಾಗಂತ ಇನ್ನೂ ನಾಲ್ಕು ನಲ್ಲಿ ಹಾಕಿಸಿ ಅಂತ ಹೇಳುತ್ತಿಲ್ಲ. 22 ಮಕ್ಕಳಿಗೂ ಒಂದೇ ದಿನ, ಒಂದೇ ಹೊತ್ತಿಗೆ ಯಾಕೆ ಮಾಡಿಸಿದಿರಿ?

ನಿಮ್ಮ ಕೋಣೆಯಲ್ಲೇ ಇದಕ್ಕೆ ದಾರಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ನಲಿ-ಕಲಿ ಶುರುವಾದಾಗ, ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಮಾಡಿಕೊಂಡರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಷ್ಟು ದೂರ ಬರುವಾಗ ಕಾರ್ಡು, ಕಲಿಕೆಯ ಹಂತ ತೋರಿಸುವ ಏಣಿ, ಮಕ್ಕಳ ಕೆಲಸ ನೇತುಹಾಕುವ ಚಪ್ಪರ ಎಲ್ಲ ಬಂದವು. ಮಕ್ಕಳನ್ನು ಗುಂಪು ಮಾಡಿ ಕೂರಿಸುವ ತಟ್ಟೆಗಳ ಹಿಂದಿದ್ದ ಜಾಣತನ ಮಾತ್ರ ಎಷ್ಟೋ ಕಡೆ ದಾರಿಯಲ್ಲೇ ಉಳಿಯಿತು ಅಂತ ನನ್ನ ಅನಿಸಿಕೆ. ಒಂದು ತಟ್ಟೆಗೆ ಶಿಕ್ಷಕರು ಪೂರ್ತಿ ಬೇಕು, ಒಂದಕ್ಕೆ ಗೆಳೆಯರು ಸಾಕು, ಇನ್ನೊಂದಕ್ಕೆ ಯಾರೂ ಬೇಡ. ಅಂದರೆ ನೀವು ಒಂದು ಹೊತ್ತಿಗೆ ಒಂದೇ ಗುಂಪಿನ ಪಕ್ಕ ಕೂರಬೇಕಾದವರು.

ಹಾಗಾಗಿ ಹೊಸ ಚಟುವಟಿಕೆಯನ್ನು ದಿನಕ್ಕೆ ಒಂದೇ ಗುಂಪಿಗೆ ಮಾಡಿಸಿ. ಸೋಮವಾರ ಐದು ಮಕ್ಕಳು, ಮಂಗಳವಾರ ಇನ್ನೈದು. ಶುಕ್ರವಾರದೊಳಗೆ 22 ಲೋಟವೂ ಕಿಟಕಿ ಮೇಲಿರುತ್ತವೆ. ನೀರಿಗೆ ಒಂದು ಬಕೆಟ್, ಒಂದು ಚಮಚ ಸಾಕು.

ಉಳಿದ 17 ಮಕ್ಕಳು? ಅವರಿಗೆ ಈಗಾಗಲೇ ಚೆನ್ನಾಗಿ ಬರುವ ಕೆಲಸ ಕೊಡಿ. ಹೊಸದು ಬೇಡವೇ ಬೇಡ. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ನಂಬಿದ್ದು ಹುಣಸೆ ಬೀಜವನ್ನು. ನಾಲ್ಕು ಬೀಜ ತೆಗೆದುಕೊಂಡು ಒಂದೊಂದು ಮೈಯನ್ನು ಬಿಳಿ ಕಾಣುವವರೆಗೆ ಕಲ್ಲಿಗೆ ಉಜ್ಜಿದರೆ ಚೌಕಾಬಾರದ ಕವಡೆ ಸಿದ್ಧ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಒಂದನೇ ತರಗತಿಯವರು ಬೆರಳಿಟ್ಟು ಎಣಿಸುತ್ತಾರೆ. ಮೂರನೇ ತರಗತಿಯವರು ಮನಸ್ಸಲ್ಲೇ ಕೂಡಿಸಿ 'ಇನ್ನು ಮೂರು ಬಿದ್ರೆ ನಿನ್ನ ಕಾಯಿ ಹೊಡೀತೀನಿ' ಅನ್ನುತ್ತಾರೆ. ಆ ಲೆಕ್ಕ ಹೇಳಿಕೊಡಲು ನೀವು ಬೇಕಾಗಿಲ್ಲ. ಆಟ ಕಲಿಸುವುದಕ್ಕೆ ಮೊದಲ ವಾರ ನಿಮ್ಮ ಹೊತ್ತು ಹೋಗುತ್ತದೆ, ಆಮೇಲೆ ವರ್ಷವಿಡೀ ಅದು ನಿಮ್ಮ ಕೈ ಬಿಡಿಸುತ್ತದೆ.

ಅಂಗನವಾಡಿ ಮಕ್ಕಳೂ ನಿಮ್ಮ ಕೋಣೆಗೆ ಬಂದು ಕೂರುವುದಿದ್ದರೆ ಬೀಜ ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಪುಟ್ಟ ಮಕ್ಕಳಿಗೆ ಬೀಜ ಕಂಡರೆ ಮೂಗು ನೆನಪಾಗುತ್ತದೆ. ಒಳಗೆ ಹೋದ ಕಾಳು ಒದ್ದೆಯಾಗಿ ಉಬ್ಬುತ್ತದೆ. ನೀವಾಗಿ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಎರಡನೆಯ ತಪ್ಪು, ಮೊದಲು ತಾನೇ ಮಾಡಿ ನೋಡದೆ ತರಗತಿಗೆ ಹೋಗುವುದು. ಅದನ್ನು ನಾನೂ ಮಾಡಿದವನೇ. ಒಮ್ಮೆ ತೆಂಗಿನ ಚಿಪ್ಪಿನ ತಕ್ಕಡಿ ಮಾಡಿಸಲು ಹೊರಟೆ. ಚಿಪ್ಪು, ದಾರ, ಕಡ್ಡಿ, ಮೊಳೆ ಎಲ್ಲ ತಂದಿದ್ದೆ. ತರಗತಿಯಲ್ಲಿ ಮೊಳೆ ಹೊಡೆದರೆ ಚಿಪ್ಪು ಸೀಳಿತು. ಎರಡನೆಯದೂ ಸೀಳಿತು. ಮೂರನೆಯದಕ್ಕೆ ತೂತು ಬೀಳುವಷ್ಟರಲ್ಲಿ ಮಕ್ಕಳು ಚಿಪ್ಪನ್ನು ಟೋಪಿ ಮಾಡಿಕೊಂಡಿದ್ದರು. ಹಿಂದಿನ ರಾತ್ರಿ ಮನೆಯಲ್ಲಿ ಒಂದೇ ಒಂದು ಮಾಡಿ ನೋಡಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ? ಮರುವಾರ ತೂತುಗಳನ್ನು ನಾನೇ ಕೊರೆದುಕೊಂಡು ಹೋದೆ. ಕಟ್ಟುವುದು, ತೂಗುವುದು ಮಕ್ಕಳಿಗೆ. ಒಬ್ಬಳು ಒಂದು ಕಡೆ ದೊಡ್ಡ ಹತ್ತಿ ಉಂಡೆ ಇಟ್ಟಳು, ಇನ್ನೊಂದು ಕಡೆ ಗೋಲಿಯಷ್ಟು ಕಲ್ಲು. ಕಲ್ಲಿನ ಚಿಪ್ಪು ಕೆಳಗಿಳಿಯಿತು. ತಕ್ಕಡಿಯೇ ಕೆಟ್ಟಿದೆ ಅಂದುಕೊಂಡು ಅದಲು ಬದಲು ಮಾಡಿ ಇಟ್ಟಳು. ಮತ್ತೆ ಕಲ್ಲೇ ಇಳಿಯಿತು. ಹತ್ತಿಯನ್ನು ಬಿಡಿಸಿ, ಒಳಗೆ ಏನಾದರೂ ಇದೆಯಾ ಅಂತ ಹುಡುಕಿದಳು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಇನ್ನು ನಿಮ್ಮ ಕಾಳಿನ ವಿಷಯ. ಬಿತ್ತನೆಗೆ ತಂದ ಮೆಕ್ಕೆಜೋಳ ಉಳಿದಿತ್ತು, ಅದನ್ನೇ ಕೊಟ್ಟೆ ಅಂತ ಯೋಜನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಬೇಡ. ಪ್ಯಾಕೆಟ್ಟಿನ ಬಿತ್ತನೆ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಗುಲಾಬಿ ಬಣ್ಣ ಅದರ ಗುರುತೇ. ಅಡುಗೆಮನೆ ಡಬ್ಬಿಯ ಹೆಸರುಕಾಳು, ಅಲಸಂದೆ, ಹುರುಳಿ ತರಿಸಿ. ಮಣ್ಣೂ ಬೇಡ. ಪಾರದರ್ಶಕ ಲೋಟದ ಒಳಗೋಡೆಗೆ ಒದ್ದೆ ಬಟ್ಟೆ ಒತ್ತಿ, ಬಟ್ಟೆಗೂ ಲೋಟಕ್ಕೂ ನಡುವೆ ನೆನೆದ ಕಾಳು ಸಿಕ್ಕಿಸಿ. ಮೊದಲು ಬರುವುದು ಬೇರು. ಮಣ್ಣಿನಲ್ಲಿದ್ದರೆ ಮಕ್ಕಳು ಅದನ್ನು ನೋಡುವುದೇ ಇಲ್ಲ. ಬೇರು ಬಂದ ಮೇಲೆ ಒಂದು ಲೋಟವನ್ನು ಅಡ್ಡ ಮಲಗಿಸಿ ಎರಡು ದಿನ ಬಿಡಿ. ಬೇರು ತಿರುಗಿ ಮತ್ತೆ ನೆಲದ ಕಡೆ ಹೊರಡುತ್ತದೆ. ಮೂರನೇ ತರಗತಿಯವರು ದಿನಾ ಅದರ ಚಿತ್ರ ಬರೆಯಲಿ. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಬಂದು ದಾಖಲೆ ಕೇಳಿದರೆ ಆ ಚಿತ್ರಗಳನ್ನೇ ತೋರಿಸಿ. ಥರ್ಮಾಕೋಲ್ ಮಾದರಿ ಮಾಡಿ, 'ಮುಟ್ಟಬೇಡಿ' ಅಂತ ಗೋಡೆಗೆ ನೇತುಹಾಕುವುದಕ್ಕಿಂತ ಅದು ಎಷ್ಟೋ ಮೇಲು.

ಕಸದ ಮಾತು. ಕೊನೆಯ ಐದು ನಿಮಿಷ ಮಕ್ಕಳೇ ಒರೆಸಿ, ಎತ್ತಿಡುವುದನ್ನೂ ಯೋಜನೆಯಲ್ಲಿ ಬರೆಯಿರಿ. ಲೋಟ ಒಬ್ಬರಿಗೆ, ಬಟ್ಟೆ ಒಬ್ಬರಿಗೆ, ಬಕೆಟ್ ಇಬ್ಬರಿಗೆ. ಮುಖ್ಯ ಶಿಕ್ಷಕರನ್ನು ಒಂದು ದಿನ ಚೌಕಾಬಾರಕ್ಕೆ ಕೂರಿಸಿ. ಮಕ್ಕಳ ಕೈಲಿ ಸೋತವರು ಸಂತೆಯ ಮಾತು ಮತ್ತೆ ಎತ್ತಲಾರರು.

ಆ ಹುಡುಗನಿಗೆ ಏನು ಹೇಳಬೇಕು ಅಂತ ಕೇಳಿದ್ದೀರಿ. ಏನೂ ಹೇಳಬೇಡಿ. ರಾತ್ರಿ ಗುಟ್ಟಾಗಿ ಮೊಳಕೆ ಕಾಳು ಹಾಕಿಡಲೂ ಬೇಡಿ, ಆ ಆಸೆ ನನಗೂ ಆಗಿದ್ದುಂಟು. ಅವನನ್ನು ಪಕ್ಕ ಕೂರಿಸಿಕೊಂಡು ಆ ಕಾಳನ್ನು ತೆಗೆಸಿ. ಬೆರಳಲ್ಲಿ ಒತ್ತಲಿ, ಮೂಸಿ ನೋಡಲಿ. ಕೊಳೆತಿದ್ದರೆ ಜಾಸ್ತಿ ನೀರು ಹಾಕಿದ್ದಾನೆ, ಪ್ರೀತಿ ಹೆಚ್ಚಾದವರೆಲ್ಲ ಮಾಡುವ ಕೆಲಸ. ಗಟ್ಟಿಯಾಗೇ ಇದ್ದರೆ ನೀರು ಸಾಲಲಿಲ್ಲವೋ ಏನೋ. ಅವನ ಊಹೆ ಕೇಳಿ. ಆಮೇಲೆ ಒಂದೇ ಡಬ್ಬಿಯ ಕಾಳನ್ನು ಎರಡು ಲೋಟಕ್ಕೆ ಹಾಕಿಸಿ. ಒಂದಕ್ಕೆ ದಿನಾ ಒಂದು ಚಮಚ ನೀರು, ಇನ್ನೊಂದಕ್ಕೆ ಕಾಳು ಮುಳುಗುವಷ್ಟು. ಈ ಸಲ ಉಳಿದ 21 ಮಕ್ಕಳೂ ಬಂದು ನೋಡುವುದು ಅವನ ಲೋಟಗಳನ್ನೇ.

ಆ ಹಳೇ ಕಾಳನ್ನು ಇನ್ನೂ ಬಿಸಾಡಿಲ್ಲ ತಾನೇ?